ಆರು ಸಾಲು, ಎಂಟು ಚುಕ್ಕಿ

ನಮ್ಮತ್ತೆ ರಂಗೋಲಿ ಹಾಕುವುದಿಲ್ಲ ಎಂದದ್ದನ್ನು ನಾನು ಕೇಳಿದ್ದು ಒಂದೇ ಸಲ. ಜ್ವರವಿರಲಿ, ಮೊಣಕಾಲು ಹಿಡಿದುಕೊಂಡಿರಲಿ, ಲಾಕ್‌ಡೌನಿನಲ್ಲಿ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲದಿರಲಿ, ತ್ಯಾಗರಾಜನಗರದ ನಮ್ಮ ಮನೆಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಹಾಲಿನವನು ಬರುವಷ್ಟರಲ್ಲಿ ರಂಗೋಲಿ ಇದ್ದೇ ಇರುತ್ತಿತ್ತು. ಪಕ್ಕದ ಮನೆಯವರು ಬಾಗಿಲಿಗೆ ಪ್ಲಾಸ್ಟಿಕ್ ಸ್ಟಿಕರ್ ಅಂಟಿಸಿದಾಗ, "ಅದು ರಂಗೋಲಿಯಲ್ಲ, ಲೇಬಲ್ಲು" ಎಂದು ಅವರಿಗೇ ಕೇಳುವ ಹಾಗೆ ಹೇಳಿದವರು ಇವರು.

ಅಂಥವರು ನನ್ನ ಮಗಳ ಸೀಮಂತಕ್ಕೆ ದಿನ ಗೊತ್ತಾದ ಸಂಜೆ, ಒಲೆಯ ಮುಂದೆ ನಿಂತು ಒಗ್ಗರಣೆಗೆ ಸಾಸಿವೆ ಸಿಡಿಸುತ್ತಾ, ನನ್ನ ಮುಖವನ್ನೂ ನೋಡದೆ ಅಂದರು: "ಅವತ್ತು ಬಾಗಿಲಿಗೆ ನಾನು ಹಾಕಲ್ಲ. ಗಾಂಧಿ ಬಜಾರಲ್ಲಿ ಸ್ಟಿಕರ್ ಸಿಗುತ್ತಲ್ಲ, ಚೆನ್ನಾಗಿರೋದು ನೋಡಿ ಒಂದು ತಂದ್ಬಿಡು."

ನಾನು ತಮಾಷೆ ಎಂದುಕೊಂಡೆ. "ಏನತ್ತೆ, ಲೇಬಲ್ಲು ಅಂತಿದ್ರಿ?"

"ಲೇಬಲ್ಲೇ ಇರ್ಲಿ ಬಿಡು" ಎಂದು ಒಗ್ಗರಣೆಯನ್ನು ಸಾರಿಗೆ ಸುರಿದು ಹೊರಟುಹೋದರು.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತದ ಪಾಠ ಹೇಳುವವಳು. ತಾಳ್ಮೆ ಎಂಬುದನ್ನು ದೇವರು ಹಂಚುವಾಗ ನಾನು ಬೇರೆ ಸಾಲಿನಲ್ಲಿ ನಿಂತಿದ್ದೆನೋ ಏನೋ. ಆಂಟಿ ಕೂಗಿದರೆ ಸೌತ್ ಎಂಡ್ ಸರ್ಕಲ್‌ಗೆ ಕೇಳುತ್ತೆ ಎಂದು ಮಕ್ಕಳು ಆಡಿಕೊಳ್ಳುವುದು ನನಗೆ ಗೊತ್ತು. ಬೆಳಗಿನ ಬ್ಯಾಚು, ಸಂಜೆಯ ಬ್ಯಾಚು, ನಡುವೆ ಅಡುಗೆ ಎಂದು ಓಡಾಡುತ್ತಲೇ ಈ ಮನೆಯಲ್ಲಿ ಅರ್ಧ ಆಯುಸ್ಸು ಕಳೆದಿದ್ದೇನೆ. ರಂಗೋಲಿ ಅತ್ತೆಯ ಇಲಾಖೆ. ದಿನವೂ ಅದನ್ನು ದಾಟಿಕೊಂಡು ಹೋಗಿದ್ದೇನೆಯೇ ಹೊರತು, ನಿಂತು ನೋಡಿದ್ದು ಕಡಿಮೆ.

ಅತ್ತೆಯ ತವರಿನಿಂದ ಬಂದ ಪದ್ಧತಿ ಒಂದಿದೆ. ವಾರದ ದಿನಗಳಲ್ಲಿ ಹೂವು, ಬಳ್ಳಿ, ಏನು ಬೇಕಾದರೂ ಹಾಕಬಹುದು. ಶುಭಕಾರ್ಯದ ದಿನ ಮಾತ್ರ ಒಂದೇ ಎಳೆಯ ರಂಗೋಲಿಯೇ ಆಗಬೇಕು. ಮೊದಲು ಸಾಲು ಸಾಲಾಗಿ ಚುಕ್ಕಿ ಇಡುತ್ತಾರೆ. ಆಮೇಲೆ ಅಂಚಿನ ಒಂದು ಚುಕ್ಕಿಯ ಪಕ್ಕದಿಂದ ಎಳೆ ಶುರುವಾಗಿ, ಚುಕ್ಕಿಗಳ ನಡುವೆ ಓರೆಯಾಗಿ ನುಸುಳಿ, ಅಂಚಿಗೆ ಬಂದಾಗ ತಿರುಗಿ, ಮತ್ತೆ ಒಳಗೆ ನುಗ್ಗಿ, ತನ್ನನ್ನು ತಾನೇ ದಾಟುತ್ತಾ ಎಲ್ಲ ಚುಕ್ಕಿಗಳನ್ನೂ ಸುತ್ತಿ, ಹೊರಟ ಜಾಗಕ್ಕೇ ಬಂದು ಸೇರಬೇಕು. ಬೆರಳಿನಲ್ಲಿ ಪುಡಿ ಮುಗಿದರೆ ಕೈ ಎತ್ತಬಹುದು, ಆದರೆ ನಿಂತಲ್ಲಿಂದಲೇ ಮುಂದುವರಿಸಬೇಕು. ಎಳೆ ನಡುವೆ ಕಡಿಯಬಾರದು, ಎರಡನೆಯ ಎಳೆ ಶುರು ಮಾಡಬಾರದು. ನಮ್ಮ ಮನೆಯ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆಲ್ಲ ಅತ್ತೆ ಹಾಕಿದ್ದು ಐದು ಸಾಲು, ಸಾಲಿಗೆ ಎಂಟು ಚುಕ್ಕಿಯ ರಂಗೋಲಿ. ಅದು ಒಮ್ಮೆಯೂ ಸೇರದೆ ಉಳಿದದ್ದಿಲ್ಲ.

ಕೋಣನಕುಂಟೆಯ ಫ್ಲ್ಯಾಟಿನಲ್ಲಿರುವ ಮಗಳಿಗೆ ಫೋನ್ ಮಾಡಿ ಹೇಳಿದೆ. ಏಳು ತಿಂಗಳ ಬಸುರಿಗೆ ಬರಬೇಕಾದ ಸಿಟ್ಟಿಗಿಂತ ಹೆಚ್ಚೇ ಬಂತು ಅವಳಿಗೆ.

"ಏನಮ್ಮಾ ಇದು? ಅಜ್ಜಿ ರಂಗೋಲಿ ಇಲ್ಲ ಅಂದ್ರೆ ನಾನು ಬಳೆನೇ ತೊಡ್ಕೊಳ್ಳಲ್ಲ. ಸೀರಿಯಸ್ಸಾಗಿ ಹೇಳ್ತಿದ್ದೀನಿ. ಸೀಮಂತ ಕ್ಯಾನ್ಸಲ್."

"ನಿನ್ನಜ್ಜೀನ ನೀನೇ ಕೇಳು" ಎಂದು ಫೋನನ್ನು ಅತ್ತೆಯ ಕೈಗೆ ಕೊಟ್ಟೆ. ಅತ್ತೆ ಊಟ ಆಯ್ತಾ, ಕಾಲು ಊದಿದೆಯಾ, ಹುಣಸೆಹಣ್ಣು ಜಾಸ್ತಿ ತಿನ್ನಬೇಡ ಎಂದೆಲ್ಲ ಹೇಳಿ ಫೋನ್ ವಾಪಸ್ಸು ಕೊಟ್ಟರು. ರಂಗೋಲಿಯ ಮಾತು ಬರಲಿಲ್ಲ. ಅವರ ಮಗನನ್ನೇ ಕೇಳೋಣವೆಂದರೆ ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಅಮ್ಮನಿಗೆ ವಯಸ್ಸಾಯ್ತು, ಬಿಟ್ಬಿಡೆ" ಎಂದರು. ಗಂಡಸರಿಗೆ ಎಲ್ಲದಕ್ಕೂ ಒಂದು ವಯಸ್ಸಾಯ್ತು ಸಿಕ್ಕಿಬಿಡುತ್ತದೆ.

ಧನುರ್ಮಾಸ ಶುರುವಾಗುವುದರೊಳಗೆ ಸೀಮಂತ ಮುಗಿಯಬೇಕಿತ್ತು, ಹೆಚ್ಚು ಸಮಯವಿರಲಿಲ್ಲ. ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತರಲು ತಾರಸಿಗೆ ಹೋದೆ. ನೀರಿನ ಟ್ಯಾಂಕಿನ ನೆರಳಲ್ಲಿ ಅತ್ತೆ ಕುಕ್ಕುರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ನನ್ನ ಟ್ಯೂಷನ್ ಡಬ್ಬಿಯ ಸೀಮೆಸುಣ್ಣ. ಪಕ್ಕದಲ್ಲಿ ಒದ್ದೆ ಬಟ್ಟೆ. ತಾರಸಿಯ ಅಷ್ಟು ನೆಲವೂ ಬರೆದು ಅಳಿಸಿ, ಬರೆದು ಅಳಿಸಿ ಬೆಳ್ಳಗಾಗಿತ್ತು. ಮೊಣಕಾಲಿಗೆ ದಿನಾ ಎಣ್ಣೆ ಹಚ್ಚಿಸಿಕೊಳ್ಳುವ ಮುದುಕಿ ಬಿಸಿಲ ಹೊತ್ತಿನಲ್ಲಿ ಹೀಗೆ ಕೂತಿರುವುದನ್ನು ಕಂಡು ನನಗೆ ರೇಗಿಹೋಯಿತು.

"ಏನ್ ಮಾಡ್ತಿದ್ದೀರಿ ಅತ್ತೆ ಇಲ್ಲಿ? ಅಲ್ಲಿ ಬಾಗಿಲಿಗೆ ಹಾಕಲ್ಲ ಅಂತೀರಿ, ಇಲ್ಲಿ ಕಾಗೆಗೆ ಹಾಕ್ತಿದ್ದೀರಾ?"

ಅವರು ತಿರುಗಿ ನೋಡಿದರು. ಕಣ್ಣು ಕೆಂಪಾಗಿತ್ತು.

"ಬಾ, ಕೂತ್ಕೋ" ಅಂದರು. "ಇದು ಸೇರ್ತಾ ಇಲ್ಲ ಕಣೆ."

ನೆಲದ ಮೇಲೆ ಚುಕ್ಕಿಗಳಿದ್ದವು. ಎಂದಿನ ಐದು ಸಾಲಲ್ಲ, ಆರು ಸಾಲು. ಸಾಲಿಗೆ ಎಂಟು. ಎಳೆ ಅಂಚಿನಿಂದ ಹೊರಟು, ಸುತ್ತಿ ಸುತ್ತಿ, ಹೊರಟಲ್ಲಿಗೇ ಬಂದು ಸೇರಿತ್ತು. ಆದರೆ ಅರ್ಧ ರಂಗೋಲಿ ಬಾಕಿಯಿತ್ತು. ಎಷ್ಟೋ ಚುಕ್ಕಿಗಳ ಒಂದು ಮಗ್ಗುಲಲ್ಲಿ ಮಾತ್ರ ಗೆರೆಯಿತ್ತು, ಇನ್ನೊಂದು ಮಗ್ಗುಲು ಬೋಳು.

ಆಮೇಲೆ ಅವರು ಹೇಳಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ನನ್ನ ಯಜಮಾನರಿಗಿಂತ ಮೊದಲು ಒಂದು ಹೆಣ್ಣುಮಗು ಹುಟ್ಟಿ ಹೋಯಿತು ಎಂಬುದಷ್ಟೇ ಗೊತ್ತಿತ್ತು. ಆ ಮಗುವಿನದು ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಆಗ ಅವರೆಲ್ಲ ಬಸವನಗುಡಿಯ ಒಂದು ವಠಾರದಲ್ಲಿದ್ದರಂತೆ. ಮಗುವಿಗೆ ವರ್ಷ ತುಂಬಿದ ದಿನ, ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ಅತ್ತೆ ಚುಕ್ಕಿ ಇಡಲು ಕೂತಾಗ, ಅವರ ಅತ್ತೆ ಒಳಗಿನಿಂದ ಹೇಳಿದರಂತೆ, "ಮೊದಲನೇ ವರ್ಷ, ಒಂದು ಸಾಲು ಹೆಚ್ಚಿಗೆ ಇಡು."

ಇದು ನಮ್ಮ ಮನೆಗಳ ರೂಢಿ. ಅಕ್ಕಿ ಮುಗಿಯಿತು ಎನ್ನುವುದಿಲ್ಲ, ಹೆಚ್ಚಿದೆ ಎನ್ನುತ್ತೇವೆ. ಅರಿಶಿನ ಕುಂಕುಮಕ್ಕೆ ಬಂದವರ ಮಡಿಲಿಗೆ ಅಳೆದ ಮೇಲೂ ಒಂದು ಹಿಡಿ ಹಾಕುತ್ತೇವೆ. ಶುಭದ ದಿನ ಯಾವುದಾದರೂ ಒಂದು ಜಾಸ್ತಿಯಾದರೆ ಒಳ್ಳೆಯದೇ ತಾನೆ? ಹಾಗಾಗಿ ಅತ್ತೆ ಐದು ಸಾಲಿಗೆ ಇನ್ನೊಂದು ಸೇರಿಸಿ ಆರು ಮಾಡಿದರು. ಎಳೆ ಅರ್ಧಕ್ಕೇ ಸೇರಿಬಿಟ್ಟಿತು. ಅಳಿಸಿ ಮತ್ತೆ ಹಾಕಿದರು, ಮತ್ತೆ ಹಾಗೇ ಆಯಿತು. ಅಷ್ಟರಲ್ಲಿ ಜನ ಬರತೊಡಗಿದರು. ಬೇರೆ ದಾರಿ ಕಾಣದೆ, ಉಳಿದ ಜಾಗಕ್ಕೆ ಎರಡನೆಯ ಎಳೆಯೊಂದನ್ನು ಹಾಕಿ ತುಂಬಿಸಿದರು.

"ನೋಡೋರಿಗೆ ಗೊತ್ತಾಗಲ್ಲ ಕಣೆ. ಹಾಕಿದೋರಿಗೆ ಗೊತ್ತಿರುತ್ತೆ. ನಮ್ಮತ್ತೆಗೂ ಗೊತ್ತಾಯ್ತು. ಬಾಗಿಲಲ್ಲಿ ನಿಂತು ಎಳೇನ ಕಣ್ಣಲ್ಲೇ ಹಿಡ್ಕೊಂಡು ಹೋದ್ರು. ಕಡಿದಿದೆ ಅಂದ್ರು. ಮನಸ್ಸಲ್ಲಿ ಏನೋ ಇಟ್ಕೊಂಡು ಕೂತಿದ್ದೀಯ, ಅದಕ್ಕೇ ಸೇರಿಲ್ಲ ಅಂದ್ರು."

"ಅವರಿಗೇನು, ಬಾಯಿಗೆ ಬಂದಿದ್ದು ಅಂದಿರ್ತಾರೆ."

"ಇಟ್ಕೊಂಡಿದ್ದೆ ಕಣೆ" ಅಂದರು ಅತ್ತೆ. "ಹಿಂದಿನ ದಿನದಿಂದ ಒಂದೇ ಸಮನೆ ಅಳ್ತಿತ್ತು ಮಗು. ಕಂಕುಳಲ್ಲಿ ಹಾಕ್ಕೊಂಡೇ ಎಲ್ಲಾ ಕೆಲಸ. ಚುಕ್ಕಿ ಇಡೋಕೆ ಕೆಳಗೆ ಕೂರಿಸಿದ್ರೆ ಮತ್ತೆ ಶುರು. ಒಂದು ಗಳಿಗೆ ಸುಮ್ನಿರಬಾರ್ದಾ ಪೀಡೆ, ಅಂದ್ಬಿಟ್ಟೆ. ಹುಟ್ಟಿದ ಹಬ್ಬದ ದಿನ. ಹಾಗಂದ ಬಾಯಲ್ಲೇ ಎಳೆ ಹಾಕೋಕೆ ಶುರು ಮಾಡ್ದೆ."

ತಿಂಗಳು ತುಂಬುವುದರೊಳಗೆ ಮಗುವಿಗೆ ಜ್ವರ ಬಂತು. ಉಳಿಯಲಿಲ್ಲ.

ನಾನು ಅವರ ಕೈ ಹಿಡಿದುಕೊಂಡೆ. ಜ್ವರ ಜ್ವರವೇ ಅತ್ತೆ, ರಂಗೋಲಿಯಿಂದ ಯಾರಿಗೂ ಜ್ವರ ಬರುವುದಿಲ್ಲ ಎಂದೆ. ಮಕ್ಕಳನ್ನು ನಾನು ದಿನಕ್ಕೆ ಹತ್ತು ಸಲ ಪೀಡೆ ಅನ್ನುತ್ತೇನೆ ಎಂದೆ.

"ಅದು ನಂಗೊತ್ತಿಲ್ವೇನೆ? ತಲೆಗೆ ಗೊತ್ತು" ಎಂದು ಎದೆ ಮುಟ್ಟಿಕೊಂಡರು. "ಇದಕ್ಕೆ ಹೇಳೋರು ಯಾರು? ಅವತ್ತಿಂದ ಆರು ಎಂಟರದ್ದು ನಾನು ಮುಟ್ಟೇ ಇಲ್ಲ. ಈಗ ನಿನ್ನ ಮಗಳು ಬಸುರಿ ಅಂದಾಗ ಅನ್ನಿಸ್ತು, ಒಂದ್ಸಲ ಹಾಕಿ ನೋಡೋಣ, ಮನಸ್ಸು ಶುದ್ಧ ಮಾಡ್ಕೊಂಡು. ಇದು ಸೇರಿದ್ರೆ ನಂದು ಕಳೀತು ಅಂತ. ಆಮೇಲೆ ಧೈರ್ಯವಾಗಿ ಅವಳ ಬಾಗಿಲಿಗೆ ಹಾಕ್ತೀನಿ. ಸೇರ್ಲಿಲ್ಲ ಅಂದ್ರೆ ಈ ಕೈ ಆ ಹುಡುಗಿ ಬಾಗಿಲಿಗೆ ಬೇಡ."

ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ತುತ್ತು ಬಾಯಿಗಿಡದೆ, ನಾನು ಪಾಠದಲ್ಲಿ ಮುಳುಗಿದ್ದಾಗ ಬಂದು ಬಂದು ಹಾಕಿ ನೋಡುತ್ತಿದ್ದರಂತೆ. ಪ್ರತಿ ಸಲವೂ ಎಳೆ ಅರ್ಧಕ್ಕೇ ಸೇರುತ್ತಿತ್ತು. ಐವತ್ತು ವರ್ಷಕ್ಕೂ ಮೀರಿ ಹೊತ್ತುಕೊಂಡು ಬಂದದ್ದನ್ನು ಆ ನೆಲದ ಮೇಲಿಟ್ಟು, ಆಯಿತೋ ಇಲ್ಲವೋ ಎಂದು ಕೇಳುತ್ತಿದ್ದರು. ನೆಲ ಇಲ್ಲ ಎನ್ನುತ್ತಿತ್ತು.

ಸೀಮೆಸುಣ್ಣ ತೆಗೆದುಕೊಂಡು ನಾನೇ ಕೂತೆ. "ಎಲ್ಲಿ, ಹೇಗೆ ಹಾಕೋದು ಹೇಳಿ." ಅವರು ಬೆರಳು ತೋರಿಸುತ್ತಾ ಹೋದರು, ನಾನು ಎಳೆಯುತ್ತಾ ಹೋದೆ. ನನ್ನ ಎಳೆಯೂ ಅರ್ಧಕ್ಕೇ ಸೇರಿತು! ನನ್ನ ಮನಸ್ಸಿನಲ್ಲಿದ್ದದ್ದು ಕುಕ್ಕರ್ ಆರಿಸಿದೆನೋ ಇಲ್ಲವೋ ಎಂಬುದು ಮಾತ್ರ. ಅದಕ್ಕೂ ಎಳೆ ಕಡಿಯುತ್ತದೆಯೇ?

ಗಣಿತ ಕಲಿಸುವವಳಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಒಮ್ಮೆ ಆದದ್ದು ಮತ್ತೆ ಹಾಗೇ ಆದರೆ, ಯಾಕೆ ಎಂದು ಕೇಳದೆ ಇರಲಾಗುವುದಿಲ್ಲ. ಅವತ್ತು ಸಂಜೆಯ ಬ್ಯಾಚಿನ ಮಕ್ಕಳಿಗೆ ರಜೆ ಕೊಟ್ಟೆ. ಆಂಟಿಗೆ ಹುಷಾರಿಲ್ಲವೇನೋ ಎಂದು ಗಾಬರಿಯಾಗಿ, ಆಮೇಲೆ ಕುಣಿಯುತ್ತಾ ಹೋದವು. ಚೌಕುಳಿ ಹಾಳೆ ಹರಡಿಕೊಂಡು ಊಟದ ಮೇಜಿನ ಮುಂದೆ ಕೂತೆ.

ಮೊದಲು ಅತ್ತೆಯನ್ನು ಕೇಳಿದೆ, ನಿಮಗೆ ಗೊತ್ತಿರುವ ಒಂದೇ ಎಳೆಯ ರಂಗೋಲಿಗಳನ್ನೆಲ್ಲ ಹೇಳಿ ಎಂದು. ಅವರು ಬೆರಳು ಮಡಿಸುತ್ತಾ ಹೇಳಿದರು: ಮೂರು ನಾಲ್ಕು, ತುಳಸಿಕಟ್ಟೆಗೆ. ಐದು ಏಳು, ವರಮಹಾಲಕ್ಷ್ಮಿಗೆ. ಐದು ಎಂಟು, ಮದುವೆ ಮುಂಜಿಗೆ. ಏಳು ಒಂಬತ್ತು, ಜಾಗ ದೊಡ್ಡದಿದ್ದರೆ. ಇವೆಲ್ಲ ಅವರ ತಾಯಿಯಿಂದ, ತಾಯಿಯ ತಾಯಿಯಿಂದ ಬಂದವು.

ಆಮೇಲೆ ನಾನು ನನ್ನಷ್ಟಕ್ಕೆ ಬೇರೆ ಬೇರೆ ಅಳತೆಯವನ್ನು ಬರೆಯುತ್ತಾ, ಎಷ್ಟು ಎಳೆ ಬೇಕಾಗುತ್ತದೆ ಎಂದು ಎಣಿಸಿದೆ. ಎರಡು ಸಾಲು ಮೂರು ಚುಕ್ಕಿಗೆ ಒಂದು ಎಳೆ ಸಾಕು. ಎರಡು ನಾಲ್ಕಕ್ಕೆ ಎರಡು ಬೇಕು. ಮೂರು ಆರಕ್ಕೆ ಮೂರು. ನಾಲ್ಕು ಆರಕ್ಕೆ ಎರಡು. ನಾಲ್ಕು ಐದಕ್ಕೆ ಮತ್ತೆ ಒಂದೇ. ಚುಕ್ಕಿ ಹೆಚ್ಚಾದರೆ ಎಳೆ ಹೆಚ್ಚಬೇಕಲ್ಲ, ಇದೇನು ಹೀಗೆ ಏರುತ್ತೆ ಇಳಿಯುತ್ತೆ ಎಂದು ತಲೆ ಕೆರೆದುಕೊಂಡೆ. ಕಾಫಿ ಆರಿ ಕೆನೆಗಟ್ಟಿತು. ಮೂರು ಆರು, ಮೂರು. ನಾಲ್ಕು ಆರು, ಎರಡು. ಈ ಉತ್ತರಗಳನ್ನು ನಾನು ಎಲ್ಲೋ ನೋಡಿದ್ದೇನೆ.

ಎಲ್ಲಿ ಎಂದು ಹೊಳೆದಾಗ ನನ್ನ ಕೈಯಿಂದ ಪೆನ್ಸಿಲ್ ಬಿದ್ದುಹೋಯಿತು. ಅಯ್ಯೋ ನನ್ನ ಮಸಾಅ!

ಶಾಲೆಯ ಪುಸ್ತಕದಲ್ಲಿ ಅದರ ಪೂರ್ತಿ ಹೆಸರು ಮಹತ್ತಮ ಸಾಮಾನ್ಯ ಅಪವರ್ತನ. ಎರಡು ಸಂಖ್ಯೆಗಳನ್ನೂ ಶೇಷ ಉಳಿಯದ ಹಾಗೆ ಭಾಗಿಸುವ ಅತಿ ದೊಡ್ಡ ಸಂಖ್ಯೆ, ಅಷ್ಟೇ. ಮೂರು ಮತ್ತು ಆರನ್ನು ಮೂರು ಭಾಗಿಸುತ್ತದೆ. ನಾಲ್ಕು ಮತ್ತು ಆರನ್ನು ಎರಡು. ನಾಲ್ಕು ಮತ್ತು ಐದನ್ನು ಒಂದರ ಹೊರತು ಬೇರೆ ಯಾವುದೂ ಎರಡನ್ನೂ ಭಾಗಿಸುವುದಿಲ್ಲ. ವರ್ಷವರ್ಷವೂ ಮಕ್ಕಳ ತಲೆಯ ಮೇಲೆ ಕುಟ್ಟಿ ಕುಟ್ಟಿ ಕಲಿಸಿ, ಇದು ಯಾವುದಕ್ಕೆ ಉಪಯೋಗ ಆಂಟಿ ಎಂದು ಯಾರಾದರೂ ಕೇಳಿದರೆ, ಪರೀಕ್ಷೆಗೆ ಎಂದು ಗದರಿದ್ದೆ. ಅದು ಇಲ್ಲಿ ನಮ್ಮ ಹೊಸಿಲಿನ ಹೊರಗೆ ಕೂತಿತ್ತು, ನಾನು ದಿನವೂ ದಾಟಿಕೊಂಡು ಹೋಗುತ್ತಿದ್ದ ಜಾಗದಲ್ಲೇ.

ಹಾಗೆಂದುಕೊಂಡರೆ ಸಾಲದಲ್ಲ. ಹಾಕುವ ಮೊದಲೇ ಉತ್ತರ ಬರೆದಿಟ್ಟುಕೊಂಡು ಪರೀಕ್ಷೆ ಮಾಡಿದೆ. ಆರು ಒಂಬತ್ತಕ್ಕೆ ಮೂರು ಎಳೆ ಬರಬೇಕು. ಬಂತು. ಏಳು ಹತ್ತಕ್ಕೆ ಒಂದೇ ಬರಬೇಕು. ಎಳೆ ಆ ಕಡೆ ಹೋಗಿ, ಈ ಕಡೆ ಬಂದು, ಇನ್ನೇನು ಮುಚ್ಚಿಕೊಂಡೇಬಿಟ್ಟಿತು ಎನ್ನುವಾಗ ಪಕ್ಕದ ಸಂದಿಯಲ್ಲಿ ನುಸುಳಿ ತಪ್ಪಿಸಿಕೊಂಡು, ಎಪ್ಪತ್ತು ಚುಕ್ಕಿಗಳಲ್ಲಿ ಒಂದನ್ನೂ ಬಿಡದೆ ಸುತ್ತಿ, ಹೊರಟ ಜಾಗಕ್ಕೆ ಬಂದು ನಿಂತಿತು. ಎಂಟು ಹನ್ನೆರಡಕ್ಕೆ ನಾಲ್ಕು. ಅದೂ ಬಂತು.

ಆಮೇಲೆ ಅತ್ತೆ ಹೇಳಿದ ರಂಗೋಲಿಗಳ ಕಡೆ ನೋಡಿದೆ. ಮೂರು ನಾಲ್ಕು. ಐದು ಏಳು. ಐದು ಎಂಟು. ಏಳು ಒಂಬತ್ತು. ಒಂದರಲ್ಲಾದರೂ ಎರಡು ಸಂಖ್ಯೆಗಳಿಗೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲ! ಭಾಗಾಕಾರವನ್ನು ಹಾಳೆಯ ಮೇಲೆ ಮಾಡದ ಹೆಂಗಸರು, ಸೇರದಿದ್ದುದನ್ನು ಅಳಿಸಿ, ಸೇರಿದ್ದನ್ನು ಮಗಳ ಕೈಗೆ ದಾಟಿಸಿ, ಆರಿಸಿ ಆರಿಸಿ ಉಳಿಸಿಕೊಂಡ ಜೋಡಿಗಳು ಇವು. ಅವರಿಗೆ ಯಾರೂ ಹೇಳಿಕೊಡಲಿಲ್ಲ. ಸಂಖ್ಯೆಗಳೇ ಹೇಳಿಕೊಟ್ಟಿದ್ದವು.

ನನಗೆ ಆಗ ಆದದ್ದನ್ನು ಹೇಗೆ ಹೇಳಲಿ? ಬೆರಗು ಎನ್ನಬಹುದು, ಸ್ವಲ್ಪ ಹೆದರಿಕೆಯೂ ಇತ್ತು. ಆರು ಮತ್ತು ಎಂಟರ ನಡುವೆ ಎರಡು ಇದೆ. ನಾನು ಹುಟ್ಟುವ ಮುಂಚೆ ಇತ್ತು, ಬೆಂಗಳೂರು ಹುಟ್ಟುವ ಮುಂಚೆ ಇತ್ತು, ಎಣಿಸುವವರು ಯಾರೂ ಇಲ್ಲದಾಗಲೂ ಇತ್ತು. ಅದನ್ನು ಬೇಡಿಕೊಳ್ಳಲಾಗುವುದಿಲ್ಲ. ಅದಕ್ಕೆ ಕೋಪವಿಲ್ಲ, ಯಾರ ಮೇಲೂ ಹಗೆಯಿಲ್ಲ. ಮಡಿಯಲ್ಲಿ ಹಾಕಿದರೂ ಎರಡು, ಮೈಲಿಗೆಯಲ್ಲಿ ಹಾಕಿದರೂ ಎರಡು. ಇಷ್ಟು ಗಟ್ಟಿಯಾದದ್ದು ಇಷ್ಟು ಹತ್ತಿರ ಇದೆ ಎಂದು ಅರಿವಾಗಿ ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯೇನಿಲ್ಲ. ಅದು ಯಾಕೆ ಹಾಗೆ ಎಂಬುದಕ್ಕೆ ನಿಖರವಾದ ಸಾಧನೆ ನನ್ನ ಕೈಗೆ ಸಿಕ್ಕಿದ್ದು ಎಷ್ಟೋ ದಿನಗಳ ನಂತರ. ಅವತ್ತಿಗೆ ಕಂಡದ್ದು ಸಾಕಾಗಿತ್ತು.

ಮಾರನೆಯ ಬೆಳಗ್ಗೆ ಅತ್ತೆ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಎದುರಿಗೆ ಕೂತು, ಸುಲಿದ ಕಾಳಿನಲ್ಲಿ ಆರರದ್ದೊಂದು ಗುಡ್ಡೆ, ಎಂಟರದ್ದೊಂದು ಗುಡ್ಡೆ ಮಾಡಿದೆ.

"ಅತ್ತೆ, ಒಂದಾಟ. ದೊಡ್ಡ ಗುಡ್ಡೆಯಿಂದ ಚಿಕ್ಕದರಷ್ಟು ತೆಗೀರಿ. ಎರಡೂ ಸಮ ಆಗೋವರೆಗೂ ಹೀಗೇ ತೆಗೀತಾ ಹೋಗಿ."

"ನನ್ನನ್ನೂ ಟ್ಯೂಷನ್‌ಗೆ ಸೇರಿಸ್ಕೊಂಡ್ಯಾ?" ಎಂದು ಗೊಣಗಿದರೂ ಕೈ ಹಾಕಿದರು. ಎಂಟರಿಂದ ಆರು ತೆಗೆದರು, ಎರಡು ಉಳಿಯಿತು. ಈಗ ಆರು ದೊಡ್ಡದು. ಅದರಿಂದ ಎರಡು ತೆಗೆದರು, ನಾಲ್ಕು. ಮತ್ತೆ ಎರಡು ತೆಗೆದರು, ಎರಡು. ಎರಡು ಕಡೆಯೂ ಎರಡೆರಡು ಕಾಳು.

"ಈಗ ಐದು ಎಂಟು ಮಾಡಿ."

ಎಂಟರಿಂದ ಐದು ಹೋದರೆ ಮೂರು. ಐದರಿಂದ ಮೂರು ಹೋದರೆ ಎರಡು. ಮೂರರಿಂದ ಎರಡು ಹೋದರೆ ಒಂದು. ಎರಡರಿಂದ ಒಂದು ಹೋದರೆ ಒಂದು. ಒಂದೊಂದು ಕಾಳು ಉಳಿಯಿತು.

"ಕೊನೇಲಿ ಎಷ್ಟು ಉಳಿಯುತ್ತೋ ಅಷ್ಟು ಎಳೆ ಅತ್ತೆ" ಎಂದೆ. "ಐದು ಎಂಟಕ್ಕೆ ಒಂದು. ಆರು ಎಂಟಕ್ಕೆ ಎರಡು. ಅದು ಒಂದಾಗೋದೇ ಇಲ್ಲ. ಯಾವತ್ತೂ ಆಗಲ್ಲ."

ಅವರು ನನ್ನನ್ನು ನೋಡಿದರು. ನಂಬಲಿಲ್ಲ. ತಮಗೆ ಗೊತ್ತಿದ್ದ ಏಳು ಒಂಬತ್ತನ್ನು ಮಾಡಿ ನೋಡಿದರು. ಕೊನೆಗೆ ಒಂದು ಉಳಿಯಿತು. ಮೂರು ನಾಲ್ಕು ಮಾಡಿದರು. ಐದು ಏಳು ಮಾಡಿದರು. ಒಂದು, ಒಂದು. ಆಮೇಲೆ ಯಾರನ್ನೋ ಸಿಕ್ಕಿಸಿಹಾಕುವವರ ಹಾಗೆ ನಾಲ್ಕು ಎಂಟು ಇಟ್ಟರು. ನಾಲ್ಕು ಉಳಿಯಿತು. "ಹೌದು, ಅದು ಸೇರಲ್ಲ, ನಮ್ಮಮ್ಮ ಅದನ್ನ ಮುಟ್ಟಬೇಡ ಅಂತಿದ್ಲು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಮತ್ತೆ ಆರು ಎಂಟನ್ನೇ ಮಾಡಿದರು. ನಿಧಾನವಾಗಿ, ಒಂದೊಂದೇ ಕಾಳನ್ನು ಬೆರಳಿಂದ ಸರಿಸಿ. ಎರಡೆರಡು ಉಳಿದವು.

"ಯಾರು ಹಾಕಿದ್ರೂ?" ಎಂದು ಕೇಳಿದರು.

"ಯಾರು ಹಾಕಿದ್ರೂ."

"ಮನಸ್ಸು ಎಷ್ಟು ಶುದ್ಧ ಇದ್ರೂ?"

"ದೇವರೇ ಬಂದು ಕೂತು ಹಾಕಿದ್ರೂ ಎರಡೇ ಅತ್ತೆ."

ಆಮೇಲೆ ಬಹಳ ಸಣ್ಣ ದನಿಯಲ್ಲಿ, ಪಕ್ಕದ ಕೋಣೆಯಲ್ಲಿ ಯಾರೋ ಇದ್ದಾರೆಂಬಂತೆ ಕೇಳಿದರು: "ನಮ್ಮತ್ತೆ ಹಾಕಿದ್ರೆ?"

"ನಿಮ್ಮತ್ತೆ ಹಾಕಿದ್ರೂ ಎರಡೇ. ಒಂದು ಸಾಲು ಹೆಚ್ಚಿಗೆ ಇಡು ಅಂದ್ರಲ್ಲ, ಅಲ್ಲೇ ಆಗಿದ್ದು. ಐದು ಆರಾಯ್ತು, ಒಂದು ಎರಡಾಯ್ತು. ನೀವು ಏನೂ ಮಾಡ್ಲಿಲ್ಲ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಈ ಮನೆಗೆ ಬಂದ ಮೇಲೆ ಮಾವನವರು ತೀರಿಕೊಂಡಾಗಲೂ ಅವರು ಹಾಗೆ ಅತ್ತದ್ದನ್ನು ನೋಡಿರಲಿಲ್ಲ. ನನ್ನ ಯಜಮಾನರು ಪೇಪರ್ ಹಿಡಿದುಕೊಂಡೇ ಓಡಿ ಬಂದು, ಏನಾಯ್ತು, ಬಿಪಿ ಮಾತ್ರೆ ತಗೊಂಡ್ಯಾ ಎಂದು ಗಾಬರಿಯಾದರು. "ಏನಿಲ್ಲ ಹೋಗೋ, ಅವರೆಕಾಯಿ ಸೊಗಡು ಕಣ್ಣಿಗೆ ಹೊಡೀತು" ಎಂದರು ಅತ್ತೆ. ಅವರು ನಂಬಿಕೊಂಡು ಹೋದರು.

ಸೀಮಂತದ ದಿನ ಬೆಳಗಿನ ಜಾವ ಬಾಗಿಲ ಬೋಲ್ಟಿನ ಸದ್ದಿಗೆ ಎಚ್ಚರವಾಯಿತು. ಹೊರಗೆ ಬಂದು ನೋಡಿದರೆ ಅತ್ತೆ ಚಪ್ಪಡಿ ತೊಳೆದು, ಚುಕ್ಕಿ ಇಡುತ್ತಿದ್ದರು. ಮಗಳು ಹಿಂದಿನ ದಿನವೇ ಬಂದಿದ್ದಳು. ಅವಳೂ ಎದ್ದು ಬಂದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊಸಿಲ ಬಳಿ ಕುರ್ಚಿಯಲ್ಲಿ ಕೂತಳು. ನನ್ನ ಕಣ್ಣು ತಾನಾಗಿಯೇ ಸಾಲುಗಳನ್ನು ಎಣಿಸಿತು. ನಾಲ್ಕು, ಐದು, ಆರು.

"ಅತ್ತೆ, ಆರಾಯ್ತು. ಐದಲ್ವಾ?"

"ನಂಗೆ ಎಣಿಸೋಕೆ ಬರುತ್ತೆ, ನೀನು ಸುಮ್ನಿರು" ಎಂದರು.

ಬಿಳಿ ಪುಡಿಯಲ್ಲಿ ಎಳೆ ಹೊರಟಿತು. ಓರೆಯಾಗಿ ನುಸುಳಿತು, ಅಂಚಿನಲ್ಲಿ ತಿರುಗಿತು, ಅರ್ಧ ಹಾದಿಯಲ್ಲಿ ಹೊರಟಲ್ಲಿಗೇ ಬಂದು ಸೇರಿತು. ಅತ್ತೆ ಕೈ ಎತ್ತಿದರು. ಪಕ್ಕದಲ್ಲಿದ್ದ ಇನ್ನೊಂದು ಬಟ್ಟಲಿಗೆ ಬೆರಳು ಹಾಕಿದರು, ಅದರಲ್ಲಿ ಕೆಂಪು ಪುಡಿಯಿತ್ತು. ಉಳಿದ ಜಾಗದಿಂದ ಕೆಂಪು ಎಳೆ ಶುರುವಾಯಿತು. ಬಿಳಿಯ ಎಳೆ ಎಡಕ್ಕೆ ಹೊರಳಿದ ಕಡೆ ಇದು ಬಲಕ್ಕೆ ಹೊರಳಿತು. ಅದನ್ನು ದಾಟಿತು, ಅದರ ಕೆಳಗೆ ಬಂತು, ಪ್ರತಿ ಚುಕ್ಕಿಯ ಬೋಳು ಮಗ್ಗುಲನ್ನೂ ತುಂಬುತ್ತಾ ಹೋಗಿ ತಾನು ಹೊರಟ ಜಾಗಕ್ಕೆ ತಾನೂ ಬಂದು ಸೇರಿತು. ಎಡಗೈ ಬಲಗೈ ಒಂದರೊಳಗೊಂದು ಹೆಣೆದುಕೊಂಡ ಹಾಗೆ ಕಂಡಿತು. ಎರಡಕ್ಕೂ ಒಂದೇ ಉದ್ದ, ಒಂದು ಇನ್ನೊಂದರ ಕನ್ನಡಿ. ನಾನು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಎಷ್ಟೋ ಸಲ ಬರೆದಿದ್ದೆ, ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಅಜ್ಜಿ, ಸಖತ್ತಾಗಿದೆ" ಎಂದಳು ಮಗಳು. "ಆದ್ರೆ ಶುಭಕ್ಕೆ ಒಂದೇ ಎಳೆ ಅಂತಿದ್ರಿ?"

"ಬಸುರಿ ಬಾಗಿಲಿಗೆ ಒಂದೇ ಎಳೆ ಹೇಗೆ ಹಾಕ್ಲಿ? ಇಬ್ಬರಿದ್ದೀರಲ್ಲ ನೀವು" ಎಂದರು ಅತ್ತೆ.

ಮಗಳು ನಗುತ್ತಾ ಫೋನ್ ತರಲು ಒಳಗೆ ಹೋದಳು. ನಾನು ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದೆ. ಅವರು ಏದುಸಿರು ಬಿಡುತ್ತಾ, ನನ್ನ ಹೆಗಲ ಮೇಲೆ ಭಾರ ಹಾಕಿ ನಿಂತು, ರಂಗೋಲಿಯನ್ನು ತುಂಬ ಹೊತ್ತು ನೋಡಿದರು. ಬೆರಳಿಗೆ ಅಂಟಿದ್ದ ಬಿಳಿ, ಕೆಂಪು ಪುಡಿಯನ್ನು ಸೆರಗಿಗೆ ಒರೆಸಿಕೊಂಡರು.

"ಅವತ್ತೂ ಎರಡು ಎಳೆ ಸೇರಿದ್ವು ಕಣೆ" ಎಂದರು. "ನಂದೂ ಸೇರಿತ್ತು, ಆ ಮಗೂದೂ ಸೇರಿತ್ತು. ನಾನು ಯಾವುದನ್ನೂ ಕಡಿದಿರ್ಲಿಲ್ಲ."